ಡಿಕ್ಕಿ ತೆಂಗಿನಕಾಯಿಗೆ ಮೀಸಲು

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಯವರಿಗೆ ಕಾರಿನ ಹಾಡಿನಲ್ಲಿ ಬೇಸ್, ಅಂದರೆ ಗುಂ ಗುಂ ಅನ್ನುವ ತಗ್ಗು ಸದ್ದು, ಸಾಲುತ್ತಿಲ್ಲ ಅಂತ ಹೇಳಿ ನೋಡಿ. ಕಾರನ್ನು ನೋಡುವ ಮೊದಲೇ ಔಷಧಿ ಬರೆದುಬಿಡುತ್ತಾರೆ. "ಸಬ್ ವೂಫರ್ ಹಾಕ್ಲೇಬೇಕು ಸಾರ್." ತಗ್ಗು ಸದ್ದಿಗೆಂದೇ ಇರುವ 12 ಇಂಚಿನ ದೊಡ್ಡ ಸ್ಪೀಕರು, ಅದಕ್ಕೊಂದು ಮರದ ಡಬ್ಬ, ಆಂಪ್ಲಿಫೈಯರ್, ಬ್ಯಾಟರಿಯಿಂದ ಬೆರಳು ದಪ್ಪದ ವೈರು. ಎಲ್ಲಾ ಸೇರಿ ಡಿಕ್ಕಿ ಭರ್ತಿ. ನಮ್ಮ ಡಿಕ್ಕಿಯಾದರೋ ತಿಪಟೂರಿನ ಅತ್ತೆ ಮನೆಯಿಂದ ಬರುವ ತೆಂಗಿನಕಾಯಿ ಚೀಲಕ್ಕೆ ಮೀಸಲು. ವೂಫರ್ ಬೇಕೋ, ಅತ್ತೆ ಬೇಕೋ ಎಂಬ ಪ್ರಶ್ನೆ ಎದ್ದಾಗ ನಾನು ಸುಮ್ನೆ ಮನೆಗೆ ಬಂದೆ.

ಹೊಟ್ಟೆ ಉರಿಸುವವರು ಆಟೋದವರು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತರೆ ನನ್ನ ಕಾರಿನ ಕನ್ನಡಿಯೂ ನಡುಗುತ್ತದೆ. ಅದೇ ಹಾಡು ನನ್ನ ಕಾರಿನಲ್ಲಿ ಹಾಕಿದರೆ ತಮಟೆ ಇಲ್ಲ, ಡೋಲು ಇಲ್ಲ, ಬರೀ ಗಾಯಕರ ಮೂಗು ಕೇಳಿಸುತ್ತದೆ.

ಕೊನೆಗೆ ಕೈ ಹಾಕಿದವನು ಭಾವಮೈದುನ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೂತು ಸ್ಟೀರಿಯೋದ ಸದ್ದನ್ನು ಎಡ ಬಲಕ್ಕೆ ಹಂಚುವ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಬೇಸ್ ಬಂತು! ಮಧ್ಯಕ್ಕೆ ತಂದ. ಮಾಯ. "ಒಂದು ಸ್ಪೀಕರಿನ ವೈರು ಉಲ್ಟಾ ಇದೆ ಭಾವ," ಅಂದ. ಹಳೇ ಮಾಲೀಕರ ಕಾಲದಲ್ಲಿ ಯಾರೋ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿದ್ದರು. ಎಡಗಡೆಯದು ಗಾಳಿಯನ್ನು ಮುಂದೆ ತಳ್ಳುವಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತದೆ, ಸಮ್ಮಿಶ್ರ ಸರ್ಕಾರದ ಹಾಗೆ. ಇಬ್ಬರೂ ಕಷ್ಟಪಟ್ಟು ದುಡಿಯುತ್ತಾರೆ, ಲೆಕ್ಕ ಮಾತ್ರ ಸೊನ್ನೆ.

ಖಚಿತ ಮಾಡಿಕೊಳ್ಳಲು 1.5 ವೋಲ್ಟಿನ ಸೆಲ್ ಬೇಕಾಯಿತು. ಹಾಲ್‌ನ ಗಡಿಯಾರದಿಂದ ತೆಗೆದುಕೊಂಡೆವು. ಸ್ಟೀರಿಯೋದಿಂದ ಬಿಚ್ಚಿದ ವೈರುಗಳಿಗೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಒಂದು ಕ್ಷಣ ಮುಟ್ಟಿಸಿದರೆ 'ಟಪ್' ಅಂತ ಸ್ಪೀಕರಿನ ಕೋನ್ ಹೊರಗೆ ಬರಬೇಕು. ಬಲಗಡೆಯದು ನಾಚಿಕೊಂಡು ಒಳಗೆ ಹೋಯಿತು. ವೈರು ಅದಲು ಬದಲು ಮಾಡಿದೆವು. ಖರ್ಚು ಶೂನ್ಯ. ಗಡಿಯಾರ ಮಾತ್ರ ಇವತ್ತಿಗೂ ಹತ್ತೂ ನಲವತ್ತು ತೋರಿಸುತ್ತಿದೆ.

ಅಲ್ಲಿಗೇ ಬಿಡಬಹುದಿತ್ತು, ಅಲ್ವಾ? ಭಾವಮೈದುನನಿಗೆ ಹುರುಪು ಬಂದಿತ್ತು. ಡೋರ್ ಪ್ಯಾಡ್ ಕಿತ್ತ. ಪ್ಲಾಸ್ಟಿಕ್ ಕ್ಲಿಪ್ಪೊಂದು ಸಿಡಿದು ಪಕ್ಕದವರ ಸ್ಕೂಟರ್ ಕೆಳಗೆ ಹೋಯಿತು. ಅದನ್ನು ಹುಡುಕಲು ನಾವಿಬ್ಬರೂ ನೆಲಕ್ಕೆ ಮಲಗಿದ್ದಾಗ ಸೆಕ್ಯೂರಿಟಿಯವರು ಟಾರ್ಚ್ ಬಿಟ್ಟು, "ಯಾವ ಫ್ಲ್ಯಾಟು?" ಅಂತ ಕೇಳಿದರು.

ಬಾಗಿಲ ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ. ಸ್ಪೀಕರಿನ ಹಿಂಬದಿಯ ಸದ್ದು ಆ ತೂತುಗಳಿಂದ ನುಸುಳಿ ಬಂದು ಮುಂಬದಿಯ ಸದ್ದನ್ನು ತಿಂದುಹಾಕುತ್ತದಂತೆ. ಆಟೋದವರ ಮರದ ಡಬ್ಬದ ಗುಟ್ಟೂ ಇದೇ. ಹಿಂದಿನದು ಹಿಂದೆಯೇ ಇರಲಿ ಅಂತ.

ಅದಕ್ಕೆ ಬ್ಯುಟೈಲ್ ಶೀಟು ಅಂತ ಸಿಗುತ್ತದೆ. ಒಂದು ಬದಿ ಡಾಂಬರಿನಂಥ ಅಂಟು, ಇನ್ನೊಂದು ಬದಿ ಅಲ್ಯುಮಿನಿಯಂ ಹಾಳೆ. ತೂತಿನ ಮೇಲೆ ಅಂಟಿಸಿ ಗಟ್ಟಿಯಾಗಿ ಉರುಳೆ ಉರುಳಿಸಬೇಕು. ಉರುಳೆ ಇರಲಿಲ್ಲ. ಅಡುಗೆಮನೆಯಲ್ಲಿ ಲಟ್ಟಣಿಗೆ ಇತ್ತು. ಕೆಲಸ ಎಷ್ಟು ನೀಟಾಗಿ ಬಂತೆಂದರೆ, ಆ ರಾತ್ರಿ ಚಪಾತಿಗೆ ಹೊಸ ರಸ್ತೆಯ ವಾಸನೆ ಬರುವವರೆಗೂ ಯಾರಿಗೂ ಸುಳಿವೇ ಸಿಗಲಿಲ್ಲ. ಒಂದು ಎಚ್ಚರಿಕೆ: ಬಾಗಿಲ ಕೆಳ ಅಂಚಿನ ಸಣ್ಣ ತೂತುಗಳನ್ನು ಮುಚ್ಚಬಾರದು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೋಗುವುದು ಅಲ್ಲಿಂದಲೇ. ಮುಚ್ಚಿದರೆ ಬಾಗಿಲೊಳಗೆ ಕೆರೆ. ಬೆಂಗಳೂರಿನಲ್ಲಿ ಕೆರೆ ಉಳಿಸೋದು ಒಳ್ಳೆಯದೇ, ಆದರೆ ಅಲ್ಲಿ ಬೇಡ.

ಬೇಸ್ ಬಂತು. ಜೊತೆಗೆ ಅದುವರೆಗೆ ಮಲಗಿದ್ದ ಪ್ರತಿಯೊಂದು ವಸ್ತುವೂ ಎದ್ದಿತು. ನಂಬರ್ ಪ್ಲೇಟು ಝರ್ರ್ ಅಂದಿತು. ಡ್ಯಾಶ್‌ಬೋರ್ಡಿನ ಗಣಪ ನಿಧಾನವಾಗಿ ಹಿಂದೆ ತಿರುಗಿದ. ಫಾಸ್ಟ್‌ಟ್ಯಾಗ್ ಬಂದ ಮೇಲೆ ಯಾರೂ ಮುಟ್ಟದ ಟೋಲ್ ಚಿಲ್ಲರೆ ಬಾಗಿಲ ಜೇಬಿನಲ್ಲಿ ಕುಣಿಯಿತು. ಪ್ಲೇಟಿನ ಹಿಂದೆ ಫೋಮ್ ಅಂಟಿಸಿ, ಚಿಲ್ಲರೆಯನ್ನು ಮಗಳಿಗೆ ಕೊಟ್ಟೆವು. ಗಣಪನಿಗೆ ಡಬಲ್ ಟೇಪು.

ಸೆಟ್ಟಿಂಗ್ ವಿಷಯದಲ್ಲಿ ನನಗೊಂದು ಖಂಡಿತ ಅಭಿಪ್ರಾಯವಿದೆ. ಬೇಸ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು ಬರೀ ಆಸೆಬುರುಕತನ. ಬಾಗಿಲ ಪುಟ್ಟ ಸ್ಪೀಕರು ಒದರುತ್ತದೆ ಅಷ್ಟೇ. ತೀರಾ ತಗ್ಗು ಸ್ವರಗಳನ್ನು ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ 60ರಿಂದ 80 ಹರ್ಟ್ಸ್ ಹತ್ತಿರ ಇಡಿ, ಅದರ ಕೆಳಗಿನ ಭಾರ ಆ ಸ್ಪೀಕರಿಗೆ ಹೊರಿಸಬೇಡಿ. ಗಾಜು ಮುಚ್ಚಿರಲಿ. ಚಿಕ್ಕ ಕಾರಿನ ಮುಚ್ಚಿದ ಜಾಗ ತಗ್ಗು ಸ್ವರಗಳನ್ನು ತಾನೇ ಎತ್ತಿ ಕೊಡುತ್ತದೆ. ಟೈರಿನ ಗುಂಯ್ ಸದ್ದು ಬೇಸನ್ನು ನುಂಗುವುದು ವೇಗದಲ್ಲಿ. ನಮ್ಮ ಔಟರ್ ರಿಂಗ್ ರೋಡಿನಲ್ಲಿ ಸಂಜೆ ಆರಕ್ಕೆ ಆ ಭಯವೇ ಇಲ್ಲ.

ಮೊದಲ ಪೂರ್ತಿ ಪರೀಕ್ಷೆ ಹೆಂಡತಿಯದು. ಓಡಿಸುತ್ತಿದ್ದವಳೂ ಅವಳೇ, ವಾಲ್ಯೂಮ್ ಏರಿಸಿದವಳೂ ಅವಳೇ. "ಪರವಾಗಿಲ್ಲ ಕಣ್ರೀ, ಚೆನ್ನಾಗೇ ಇದೆ," ಅಂದಳು. ಮ್ಯಾಪಿನ ಹೆಂಗಸು ಏನೋ ಹೇಳಿದ ಹಾಗಿತ್ತು, ಡೋಲಿನ ಮಧ್ಯೆ ಯಾರಿಗೂ ತಿಳಿಯಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಹೆಬ್ಬಾಳ ಫ್ಲೈಓವರ್ ದಾಟಿ ಏರ್‌ಪೋರ್ಟ್ ಕಡೆ ಹೊರಟಿದ್ದೆವು. ಮದುವೆ ಇದ್ದದ್ದು ಮಲ್ಲೇಶ್ವರದಲ್ಲಿ.