ನಾಲ್ವರು ಸಾಕ್ಷಿಗಳನ್ನು ತರಬೇಕಾದವರು ಯಾರು?

ನಾನು ಜಕಾರ್ತಾಕ್ಕೆ ಬಂದು ಹನ್ನೊಂದು ವರ್ಷಗಳಾದವು. ಹುಟ್ಟೂರು ಹಾಸನದ ಹತ್ತಿರ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಲೈಂಗಿಕ ದೌರ್ಜನ್ಯದ್ದೆನ್ನಲಾದ ಮಹಿಳೆಯರ ವಿಡಿಯೊಗಳನ್ನು, ಮುಖವನ್ನೂ ಮರೆಮಾಡದೆ, ಪೆನ್ ಡ್ರೈವ್‌ಗಳಲ್ಲಿ ಹಂಚಿದಾಗ ಒಂದು ತುಣುಕು ನಮ್ಮ ಶಾಲಾ ಗೆಳೆಯರ ವಾಟ್ಸಾಪ್ ಗುಂಪಿಗೂ ಬಂತು. ಅದರ ಕೆಳಗೆ ಮೊದಲು ಬಿದ್ದ ಮಾತು, 'ಇವಳು ಯಾರ ಮನೆಯವಳೋ?' ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡುವುದು ನಮ್ಮಲ್ಲಿ 1983ರಿಂದಲೇ ಅಪರಾಧ.

ಇದನ್ನು ಪಕ್ಕದ ಮನೆಯ ನಿವೃತ್ತ ಮದರಸಾ ಅಧ್ಯಾಪಕಿಗೆ ಹೇಳಿದೆ. ನಾವು 'ಇಬು', ಅಂದರೆ ಅಮ್ಮ, ಎಂದೇ ಕರೆಯುವ ಅವರು ಕುರ್‌ಆನಿನ ಅನ್ನೂರ್ ಅಧ್ಯಾಯವನ್ನು ತೆರೆದರು. ಶೀಲವಂತ ಸ್ತ್ರೀಯ ಮೇಲೆ ಅಪವಾದ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ ಎಂಬತ್ತು ಛಡಿಯೇಟು. ಅವನ ಸಾಕ್ಷ್ಯ ಮುಂದೆಂದೂ ಸಲ್ಲದು. ಸಾಕ್ಷಿ ತರಬೇಕಾದವನು ಜಗಲಿಯಲ್ಲಿ ಕುಳಿತು ಹೆಣ್ಣಿನ ನಡತೆ ಅಳೆಯುವವನೇ ಹೊರತು ನೊಂದು ಬಂದವಳಲ್ಲ. ನಮಾಜಿಗೆ ಹೊರಟ ದಾರಿಯಲ್ಲಿ ಬಲಾತ್ಕಾರಕ್ಕೊಳಗಾದ ಹೆಂಗಸನ್ನು ಪ್ರವಾದಿಯವರು ಶಿಕ್ಷೆಯಿಲ್ಲದೆ ಕಳುಹಿಸಿದ ಪ್ರಸಂಗ ತಿರ್ಮಿದಿಯ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹದಲ್ಲಿದೆ.

ಪಾಕಿಸ್ತಾನದ 1979ರ ಹುದೂದ್ ಸುಗ್ರೀವಾಜ್ಞೆ ಇದನ್ನು ತಲೆಕೆಳಗು ಮಾಡಿತು. ಅತ್ಯಾಚಾರಕ್ಕೆ ಹದ್ ಶಿಕ್ಷೆ, ಅಂದರೆ ಧರ್ಮಶಾಸ್ತ್ರ ನಿಗದಿಪಡಿಸಿದ ಕಠಿಣ ಶಿಕ್ಷೆ, ಆಗಬೇಕಾದರೆ ಆರೋಪಿಯೇ ತಪ್ಪೊಪ್ಪಿಕೊಳ್ಳಬೇಕಿತ್ತು, ಇಲ್ಲವೇ ನಾಲ್ವರು ಗಂಡಸರು ಕಣ್ಣಾರೆ ಕಂಡಿರಬೇಕಿತ್ತು; ದೂರು ನಿಲ್ಲದಿದ್ದರೆ ದೂರಿತ್ತವಳೇ ವ್ಯಭಿಚಾರದ ಆರೋಪಿಯಾಗುವ ಅಪಾಯವಿತ್ತು. ಕಣ್ಣು ಕಾಣದ ಹುಡುಗಿಯೊಬ್ಬಳ ಬಸಿರನ್ನೇ ಅವಳ ವಿರುದ್ಧ ಪುರಾವೆಯೆಂದು ಎಣಿಸಲಾಯಿತು (ಅವಳ ಹೆಸರು ಪುಸ್ತಕಗಳಲ್ಲಿದೆ, ನಾನು ಬರೆಯಲಾರೆ). ಫೆಡರಲ್ ಶರೀಅತ್ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತಾದರೂ, ಅತ್ಯಾಚಾರ ಮತ್ತೆ ಸಾಮಾನ್ಯ ದಂಡಸಂಹಿತೆಗೆ ಮರಳಲು 2006 ಬರಬೇಕಾಯಿತು.

ಇಂಡೊನೇಷ್ಯಾ ಬೇರೆ ಹಾದಿ ಹಿಡಿಯಿತು. 2017ರಲ್ಲಿ ಚಿರೆಬೊನ್‌ನ ಧಾರ್ಮಿಕ ವಸತಿಶಾಲೆಯೊಂದರಲ್ಲಿ ಸೇರಿದ ಮಹಿಳಾ ಉಲಮಾಗಳ, ಅಂದರೆ ಧರ್ಮವಿದ್ವಾಂಸೆಯರ, ಸಮಾವೇಶವು ಲೈಂಗಿಕ ದೌರ್ಜನ್ಯ, ದಾಂಪತ್ಯದ ಒಳಗಿರಲಿ ಹೊರಗಿರಲಿ, ಹರಾಮ್, ಅಂದರೆ ನಿಷಿದ್ಧ, ಎಂದು ಸಾರಿ, ಅತ್ಯಾಚಾರವೇ ಬೇರೆ, ವ್ಯಭಿಚಾರವೇ ಬೇರೆ ಎಂದು ಬಿಡಿಸಿ ಹೇಳಿತು. ದಾಂಪತ್ಯದೊಳಗಿನ ಬಲಾತ್ಕಾರಕ್ಕೆ ಭಾರತದ ಕಾನೂನು ಇಂದಿಗೂ ವಿನಾಯಿತಿ ಕೊಡುತ್ತಿರುವುದನ್ನು ನೆನೆದರೆ, ಈ ಉಲಮಾಗಳು ನಮ್ಮ ಶಾಸಕರಿಗಿಂತ ಮುಂದಿದ್ದಾರೆ ಎನ್ನಲು ನನಗೆ ಸಂಕೋಚವಿಲ್ಲ. ಇಂಡೊನೇಷ್ಯಾದ ಸಂಸತ್ತು 2022ರಲ್ಲಿ ಒಪ್ಪಿದ ಲೈಂಗಿಕ ದೌರ್ಜನ್ಯ ಕಾಯ್ದೆಯಲ್ಲಿ ಅಪರಾಧ ಸಾಬೀತಾಗಲು ಸಂತ್ರಸ್ತೆಯ ಹೇಳಿಕೆಯೊಂದಿಗೆ ಇನ್ನೊಂದು ಪುರಾವೆಯಿದ್ದರೆ ಸಾಕು. ವಯಸ್ಕ ಆರೋಪಿಯೊಡನೆ ಊರ ಹಿರಿಯರು ರಾಜಿ ಮಾಡಿಸುವಂತಿಲ್ಲ. ಜಾಲತಾಣದಲ್ಲಿ ಹರಡಿದ ತನ್ನ ದೃಶ್ಯವನ್ನು ಅಳಿಸಿಹಾಕಿಸುವ ಹಕ್ಕೂ ಅವಳಿಗಿದೆ.

ನಮ್ಮ ಗುಂಪಿನಲ್ಲಿ ತುಣುಕು ಹಾಕಿದವನಿಗೆ ನಾನು ಕರೆ ಮಾಡಿದೆ. ಅವನು ಅಳಿಸಿದ, ಆದರೆ ಅಷ್ಟರಲ್ಲಿ ಅದನ್ನು ಮೂವತ್ತೊಂದು ಮಂದಿ ನೋಡಿಯಾಗಿತ್ತು.