ಮಧ್ಯಕ್ಕೇ ಯಾಕೆ ಓಡ್ತಾರೆ?

ಹೋದ ವರ್ಷ, 2024ರ ನವೆಂಬರ್ 30. ಅಮೆರಿಕದ ಕೊಲಂಬಸ್‌ನಲ್ಲಿ ಮೂಳೆ ಕೊರೆಯುವ ಚಳಿ. ಟಿವಿ ಮುಂದೆ ನಾನು, ನನ್ನ ಮಗ, ಊರಿಂದ ಬಂದಿದ್ದ ಮಾವ. ನಮ್ಮೂರಿನ ಒಹಾಯೊ ಸ್ಟೇಟ್ ಮತ್ತು ಮಿಶಿಗನ್ ಕಾಲೇಜು ತಂಡಗಳ ಫುಟ್‌ಬಾಲ್ ಆಟ. ಅರ್ಧ ಆಟ ಮುಗಿದಾಗ 10-10. ಆಮೇಲೆ ನಮ್ಮವರು ಮಾಡಿದ್ದು ಒಂದೇ ಕೆಲಸ. ಚೆಂಡು ಹಿಡಿದು ಮಧ್ಯಕ್ಕೆ ಓಡುವುದು, ಅಲ್ಲೇ ಬೀಳುವುದು. ಮತ್ತೆ ಓಡುವುದು, ಮತ್ತೆ ಬೀಳುವುದು.

ಮಗ ಕೇಳಿದ, "ಅಪ್ಪಾ, ಅಲ್ಲಿ ಅಷ್ಟು ದೊಡ್ಡವರು ಇಬ್ಬರು ನಿಂತಿದ್ದಾರೆ. ಮತ್ತೆ ಮತ್ತೆ ಮಧ್ಯಕ್ಕೇ ಯಾಕೆ ಓಡ್ತಾರೆ?"

ಹನ್ನೊಂದು ವರ್ಷದ ಹುಡುಗನ ಪ್ರಶ್ನೆ. ಒಂಬತ್ತು ತಿಂಗಳಾಯಿತು, ನನ್ನ ತಲೆಯಿಂದ ಹೋಗಿಲ್ಲ. ಈಗ 2025ರ ಆಗಸ್ಟ್, 30ಕ್ಕೆ ಹೊಸ ಸೀಸನ್ ಶುರು. ಮೊದಲ ಆಟವೇ ಟೆಕ್ಸಸ್ ಜೊತೆ, ಇಲ್ಲೇ ನಮ್ಮೂರಲ್ಲಿ. ಈ ವರ್ಷ ನಮ್ಮ ತಂಡವನ್ನು ಎದುರಾಳಿಗಳು ಹೇಗೆ ಕಟ್ಟಿಹಾಕಬಹುದು ಅನ್ನುವುದರ ಬಗ್ಗೆ ಬರೆಯಬೇಕು ಅಂತ ಕೂತಾಗ, ಎಲ್ಲಿಂದ ಶುರು ಮಾಡಿದರೂ ಆ ಪ್ರಶ್ನೆಗೇ ಬಂದು ನಿಲ್ಲುತ್ತಿದ್ದೇನೆ.

ಈ ಆಟ ಗೊತ್ತಿಲ್ಲದ ಊರಿನ ಗೆಳೆಯರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಅಮೆರಿಕದವರ ಫುಟ್‌ಬಾಲ್. ನಾಲ್ಕು ಅವಕಾಶದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಓಡಿಯಾದರೂ ಹೋಗಬಹುದು, ಎಸೆದಾದರೂ ಹೋಗಬಹುದು. ಆಡುವವರು ಕಾಲೇಜು ಹುಡುಗರು. ಆದರೆ ನೋಡುವುದಕ್ಕೆ ನಮ್ಮ ಒಹಾಯೊ ಸ್ಟೇಡಿಯಂಗೆ ಒಂದು ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಆಟದ ದಿನ ಕೊಲಂಬಸ್‌ನ ಅಂಗಡಿಗಳೆಲ್ಲ ಕೆಂಪು ಟೀ ಶರ್ಟ್. ಗುರುತಿಲ್ಲದವರೂ "ಒ-ಎಚ್" ಅಂತ ಕೂಗುತ್ತಾರೆ, ನಾವು "ಐ-ಒ" ಅನ್ನಬೇಕು, ಸೇರಿದರೆ ಒಹಾಯೊ (OHIO). ಈ ಊರಿಗೆ ಬಂದ ಹೊಸದರಲ್ಲಿ ನನ್ನನ್ನು ಇಲ್ಲಿಯವನು ಅಂತ ಮೊದಲು ಒಪ್ಪಿಕೊಂಡಿದ್ದು ಆ ಕೂಗೇ. ಅದಕ್ಕೇ ಈ ತಂಡದ ಬಗ್ಗೆ ಇಷ್ಟು ಕಳಕಳಿ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ತಂಡದಲ್ಲಿ ಜೆರಮಾಯಾ ಸ್ಮಿತ್ ಅಂತ ಒಬ್ಬ ರಿಸೀವರ್ ಇದ್ದಾನೆ. ಎಸೆದ ಚೆಂಡು ಹಿಡಿಯುವವನು. ಹೋದ ವರ್ಷ ಅವನಿಗೆ ಕಾಲೇಜಿನ ಮೊದಲ ವರ್ಷ. ಜನವರಿ 1ರಂದು ರೋಸ್ ಬೌಲ್ ಅನ್ನುವ ದೊಡ್ಡ ಆಟದಲ್ಲಿ ಆರೆಗಾನ್ ವಿರುದ್ಧ ಒಬ್ಬನೇ 187 ಯಾರ್ಡ್ ಗಳಿಸಿದ. ಒಂದು ಹಂತದಲ್ಲಿ ನಾವು 34-0 ಮುಂದಿದ್ದೆವು. ಆರೆಗಾನ್ ಅಲ್ಲಿಯವರೆಗೆ ಒಂದೂ ಆಟ ಸೋತಿರಲಿಲ್ಲ. ಅಕ್ಟೋಬರ್‌ನಲ್ಲಿ ನಮ್ಮನ್ನೇ 32-31ರಲ್ಲಿ ಸೋಲಿಸಿದ್ದ ತಂಡ ಅದು.

ಒಂಬತ್ತೇ ದಿನಕ್ಕೆ, ಜನವರಿ 10ರಂದು, ದೇಶದ ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ನಲ್ಲಿ ಟೆಕ್ಸಸ್ ಸಿಕ್ಕಿತು. ಆ ಇಡೀ ಆಟದಲ್ಲಿ ಜೆರಮಾಯಾ ಹಿಡಿದಿದ್ದು ಒಂದೇ ಚೆಂಡು, ಮೂರೇ ಯಾರ್ಡ್.

187ರಿಂದ 3ಕ್ಕೆ. ಹುಡುಗ ಅದೇ ಹುಡುಗ, ಗಾಯ ಏನೂ ಆಗಿರಲಿಲ್ಲ. ಟೆಕ್ಸಸ್‌ನವರು ಅವನ ಮೇಲೆ ಸದಾ ಎರಡು ಜೊತೆ ಕಣ್ಣು ಇಟ್ಟಿದ್ದರು. ಒಬ್ಬ ಮುಂದೆ ಅಂಟಿಕೊಂಡೇ ಇರುತ್ತಿದ್ದ, ಇನ್ನೊಬ್ಬ ಹಿಂದೆ ಕಾದು ನಿಂತಿರುತ್ತಿದ್ದ. ನಮ್ಮ ಕ್ರಿಕೆಟ್ ಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ಹೊಡೆತದ ಬ್ಯಾಟ್ಸ್‌ಮನ್ ಬಂದಾಗ ಬೌಂಡರಿ ಹತ್ತಿರ ಜನ ನಿಲ್ಲಿಸಿ ಸಿಂಗಲ್ ಕೊಡುತ್ತಾರಲ್ಲ, ಹಾಗೆ. ಸಿಂಗಲ್ ತಗೋ, ಸಿಕ್ಸ್ ಮಾತ್ರ ಕೊಡಲ್ಲ.

ಮಿಶಿಗನ್ ಕೂಡ ನವೆಂಬರ್‌ನಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತ್ತು. ಹೆಚ್ಚಿನ ಸಲ ಇಬ್ಬರು ಸೇಫ್ಟಿಗಳನ್ನು, ಅಂದರೆ ಹಿಂದೆ ಕಾಯುವವರನ್ನು, ಆಳದಲ್ಲಿ ನಿಲ್ಲಿಸಿತು. ಹಾಗೆ ಮಾಡಿದರೆ ಮುಂದೆ ಜನ ಕಡಿಮೆ ಆಗುತ್ತಾರೆ, ಓಡುವವರಿಗೆ ದಾರಿ ಸಿಗಬೇಕು. ಲೆಕ್ಕ ಸರಿ. ಆದರೆ ಮಿಶಿಗನ್ ಮುಂದೆ ನಿಲ್ಲಿಸಿದ್ದು ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್ ಎಂಬ ಇಬ್ಬರನ್ನು. ಈ ಏಪ್ರಿಲ್‌ನಲ್ಲಿ ಇಬ್ಬರೂ ಎನ್‌ಎಫ್‌ಎಲ್‌ಗೆ, ಅಂದರೆ ಸಂಬಳಕ್ಕೆ ಆಡುವವರ ದೊಡ್ಡ ಲೀಗಿಗೆ, ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಇಬ್ಬರೇ ನಾಲ್ಕು ಜನರ ಕೆಲಸ ಮಾಡಿದರು. ನಮ್ಮ ಕಡೆ, ಎದುರಾಳಿಯನ್ನು ತಡೆದು ದಾರಿ ಬಿಡಿಸುವ ಸಾಲಿನಲ್ಲಿ, ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲೇ ಗಾಯಗೊಂಡು ಹೋಗಿದ್ದ. ಆ ಸಾಲಿನ ನಡುವೆ ನಿಲ್ಲುವ ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಕೂಡ ಮಿಶಿಗನ್ ಆಟಕ್ಕೆ ಮುಂಚೆ ಗಾಯವಾಗಿ ಹೊರಗೆ ಬಿದ್ದಿದ್ದ. ಅಂದರೆ ಎದುರಾಳಿಯ ಗೋಡೆ ಗಟ್ಟಿ ಇದ್ದ ಜಾಗದಲ್ಲೇ ನಮ್ಮ ಗೋಡೆಯ ಇಟ್ಟಿಗೆ ಬಿದ್ದುಹೋಗಿತ್ತು. ಅಲ್ಲಿಗೇ ಹೋಗಿ ಹಾಯ್ದೆವು. ಇಡೀ ಆಟದಲ್ಲಿ ಓಡಿ ಗಳಿಸಿದ್ದು 77 ಯಾರ್ಡ್. ಮಿಶಿಗನ್ ಎಸೆದು ಗಳಿಸಿದ್ದು ಬರೀ 62 ಯಾರ್ಡ್, ಆದರೂ 13-10ರಲ್ಲಿ ಗೆದ್ದಿತು. ಅಷ್ಟು ಹೊತ್ತಿಗೆ ಐದು ಆಟ ಸೋತಿದ್ದ ತಂಡ ಅದು! ಸತತ ನಾಲ್ಕನೇ ವರ್ಷ ಮಿಶಿಗನ್ ಕೈಲಿ ಸೋಲು.

ಆವತ್ತು ರಾತ್ರಿ ಊಟ ಆದ ಮೇಲೆ ಮಾವ ಮೇಜಿನ ಮೇಲೆ ಹುರಿದ ಕಡಲೆಕಾಯಿ ಬೀಜ ಸುರಿದರು. "ಅಳಿಯಂದ್ರೇ, ಒಂದ್ಸಲ ಜೋಡಿಸಿ ತೋರ್ಸಿ, ಅವರು ಹೇಗೆ ನಿಂತಿದ್ರು?" ಅಂದರು. ನಾನು ಹನ್ನೊಂದು ಬೀಜ ಈ ಕಡೆ, ಹನ್ನೊಂದು ಆ ಕಡೆ ಇಟ್ಟೆ. ಹಿಂದೆ ಎರಡು ಬೀಜ ದೂರ ಇಟ್ಟು ಇವರೇ ಸೇಫ್ಟಿಗಳು ಅಂದೆ. ಮಾವ ಕಾಲೇಜಿನಲ್ಲಿ ಕಬಡ್ಡಿ ಆಡಿದವರು. ನೋಡಿದ ತಕ್ಷಣ ಅಂದರು, "ಇದು ಬೋನಸ್ ಬಿಟ್ಟುಕೊಟ್ಟು ಹಿಂದೆ ಸರಿಯೋದು ಅಲ್ವಾ? ರೈಡರ್ ಜೋರಿದ್ರೆ ನಾವೂ ಹಂಗೇ ಮಾಡ್ತಿದ್ವಿ. ಬೋನಸ್ ಬೇಕಾದ್ರೆ ತಗೋ, ಮೈ ಮುಟ್ಟೋಕೆ ಬಿಡಲ್ಲ ಅಂತ." ಆಮೇಲೆ ಎರಡೂ ಅಂಚಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಬೋನಸ್ ಇದೆ. ಇವರು ಯಾಕೆ ತಗೊಳ್ಳಲಿಲ್ಲ?" ಅಂದರು.

ಹುಡುಗ ಕೇಳಿದ್ದೂ ಅದೇ, ಮಾವ ಕೇಳಿದ್ದೂ ಅದೇ.

ನನಗೆ ಅನಿಸುವುದು ಹೀಗೆ. ಅದಕ್ಕೆ ಕಾರಣ ನಾಲ್ಕು ವಾರ ಹಿಂದಿನ ಒಂದು ಗೆಲುವು. ನವೆಂಬರ್ 2ರಂದು ಪೆನ್ ಸ್ಟೇಟ್‌ನವರ ಊರಿಗೇ ಹೋಗಿ 20-13ರಲ್ಲಿ ಗೆದ್ದಿದ್ದೆವು. ಕೊನೆಯ ಐದು ನಿಮಿಷ ಅವರ ಕೈಗೆ ಚೆಂಡೇ ಸಿಗದ ಹಾಗೆ ಓಡಿ ಓಡಿಯೇ ಮುಗಿಸಿದ್ದೆವು. ಆವತ್ತು ನಾನೂ ಕುಣಿದಿದ್ದೆ. ಗಟ್ಟಿತನ ಅಂದರೆ ಇದು ಅಂತ ಎಲ್ಲರೂ ಹೊಗಳಿದರು. ಮಿಶಿಗನ್ ಆಟಕ್ಕೆ ಬರುವಾಗ ಅದೇ ಗಟ್ಟಿತನ ತೋರಿಸಬೇಕು ಅನ್ನುವ ಹಠ ತಲೆಯಲ್ಲಿ ಕೂತಿತ್ತು. ಆದರೆ ಪೆನ್ ಸ್ಟೇಟ್ ವಿರುದ್ಧ ಆಡಿದ ಸೆಂಟರ್ ಈಗ ಇರಲಿಲ್ಲ. ಆಟ ಬದಲಾಗಿತ್ತು, ಹಠ ಬದಲಾಗಲಿಲ್ಲ.

ಮಿಶಿಗನ್ ನಮ್ಮನ್ನು ಮೋಸದಿಂದ ಸೋಲಿಸಲಿಲ್ಲ. ಎರಡು ಬಾಗಿಲಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟಿತು. ನಾವು ಮುಚ್ಚಿದ ಬಾಗಿಲನ್ನೇ ತಳ್ಳಿದೆವು. ಈ ವರ್ಷ ಬರುವ ಒಳ್ಳೆಯ ಕೋಚ್‌ಗಳೆಲ್ಲ ಈ ವಿಡಿಯೊ ನೋಡಿಯೇ ಬರುತ್ತಾರೆ. ಒಬ್ಬೊಬ್ಬರೂ ಕೇಳುವುದು ಒಂದೇ. ನಿನಗೆ ಇಷ್ಟ ಆದದ್ದನ್ನು ನಾನು ಕಿತ್ತುಕೊಂಡರೆ, ಮಿಕ್ಕಿದ್ದರಲ್ಲಿ ನೀನು ಗೆಲ್ಲುತ್ತೀಯಾ?

ಟೆಕ್ಸಸ್ ಆಟದಲ್ಲಿ ಉತ್ತರ ಕೊಟ್ಟೆವು, ಅದನ್ನು ಮರೆಯಬಾರದು. ಜೆರಮಾಯಾ ಮೇಲೆ ಇಬ್ಬರು ನಿಂತಾಗ ಕಾರ್ನೆಲ್ ಟೇಟ್ ಏಳು ಚೆಂಡು ಹಿಡಿದ. ಮೊದಲರ್ಧ ಮುಗಿಯಲು ಇನ್ನೇನು ಕೆಲವೇ ಸೆಕೆಂಡ್ ಇತ್ತು. ಟೆಕ್ಸಸ್ ಆಗಷ್ಟೇ 7-7 ಸಮ ಮಾಡಿಕೊಂಡು ಉಬ್ಬಿತ್ತು. ಚೆಂಡು ಎಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹಾವರ್ಡ್ ಮೇಲೆ ಎಲ್ಲರೂ ನುಗ್ಗಿ ಬಂದರು. ಹಾವರ್ಡ್ ನುಗ್ಗಿ ಬಂದವರ ತಲೆ ಮೇಲಿಂದ ಮೆಲ್ಲಗೆ ಟ್ರೆವಿಯಾನ್ ಹೆಂಡರ್ಸನ್‌ಗೆ ಚೆಂಡು ದಾಟಿಸಿದ. ಸ್ಕ್ರೀನ್ ಪಾಸ್ ಅನ್ನುತ್ತಾರೆ. 75 ಯಾರ್ಡ್ ಓಡಿ ಗೋಲ್ ಗೆರೆ ದಾಟಿದ, ಟಚ್‌ಡೌನ್. ನುಗ್ಗುವವನ ವೇಗವನ್ನೇ ಅವನ ಮೇಲೆ ತಿರುಗಿಸುವುದು ಅಂದರೆ ಅದು. ಕೊನೆಯಲ್ಲಿ ನಮ್ಮ ಜ್ಯಾಕ್ ಸಾಯರ್ ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಉರುಳಿಸಿ 83 ಯಾರ್ಡ್ ಓಡಿದ್ದು ಎಲ್ಲರಿಗೂ ನೆನಪಿದೆ. ನನಗೆ ಜಾಸ್ತಿ ನೆನಪಿರುವುದು ಆ ಸ್ಕ್ರೀನ್ ಪಾಸ್.

ಆದರೆ ಹಾವರ್ಡ್ ಈಗ ಇಲ್ಲ. ಹೆಂಡರ್ಸನ್ ಇಲ್ಲ. ಇನ್ನೊಬ್ಬ ರಿಸೀವರ್ ಎಮೆಕಾ ಎಗ್ಬುಕಾ ಇಲ್ಲ. ಈ ವರ್ಷ ನಮ್ಮ ತಂಡದಿಂದ 14 ಹುಡುಗರು ಎನ್‌ಎಫ್‌ಎಲ್‌ಗೆ ಆಯ್ಕೆಯಾಗಿದ್ದಾರೆ. ಡಿಫೆನ್ಸ್‌ನ, ಅಂದರೆ ಎದುರಾಳಿಯನ್ನು ತಡೆಯುವವರ, ಮುಂದಿನ ಸಾಲಿನ ನಾಲ್ವರೂ ಅದರಲ್ಲಿ ಸೇರಿದ್ದಾರೆ. ಚೆಂಡು ಎಸೆಯುವ ಕೆಲಸ ಈಗ ಜೂಲಿಯನ್ ಸೇಯಿನ್‌ನದು. ಕಾಲೇಜಿನಲ್ಲಿ ಇದುವರೆಗೆ ಒಂದು ಆಟವನ್ನೂ ಶುರುವಿನಿಂದ ಆಡಿದವನಲ್ಲ. ಮೊದಲನೆಯದೇ ಟೆಕ್ಸಸ್. ಸೀಸನ್ ಶುರುವಿನ ಪಟ್ಟಿಯಲ್ಲಿ ದೇಶಕ್ಕೇ ಮೊದಲನೇ ಸ್ಥಾನದಲ್ಲಿರುವ ತಂಡ.

ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಎದುರಾಳಿ ಏನು ಮಾಡುತ್ತಾನೆ? ಸುಳ್ಳು ಹೇಳುತ್ತಾನೆ. ಆರು ಜನ ನುಗ್ಗುವ ಹಾಗೆ ನಿಲ್ಲಿಸಿ ನಾಲ್ಕೇ ಜನ ಬರುತ್ತಾರೆ. ಆಳದಲ್ಲಿ ಇಬ್ಬರು ಇದ್ದ ಹಾಗೆ ತೋರಿಸುತ್ತಾರೆ. ಚೆಂಡು ಕೈಗೆ ಬಂದ ಕ್ಷಣಕ್ಕೆ ಒಬ್ಬ ಓಡಿ ಮುಂದೆ ಬಂದಿರುತ್ತಾನೆ. ಹುಡುಗ ಖಾಲಿ ಅಂತ ನೋಡಿಟ್ಟುಕೊಂಡ ಜಾಗ ಎರಡು ಸೆಕೆಂಡಿನಲ್ಲಿ ತುಂಬಿರುತ್ತದೆ. ಬಾಕಿ ಎಲ್ಲ ಕಲಿಸಬಹುದು, ಇದನ್ನು ಏಟು ತಿಂದೇ ಕಲಿಯಬೇಕು. ಅದಕ್ಕೇ ಮೊದಲ ಆಟದಲ್ಲಿ ಅವನಿಗೆ ಚಿಕ್ಕ ಚಿಕ್ಕ ಎಸೆತ ಕೊಡಿ, ಸ್ಕ್ರೀನ್ ಕೊಡಿ ಅಂತ ನನ್ನ ಆಸೆ. ಆಳದ ಎಸೆತ ನೋಡಲು ಚೆನ್ನ. ಆದರೆ ಟೆಕ್ಸಸ್ ಕಾದಿರುವುದೇ ಅದಕ್ಕೆ.

ನವೆಂಬರ್ 1ರ ಬಗ್ಗೆ ನನಗೆ ಇನ್ನೂ ಜಾಸ್ತಿ ಯೋಚನೆ. ಆವತ್ತು ಪೆನ್ ಸ್ಟೇಟ್ ಇಲ್ಲಿಗೆ ಬರುತ್ತದೆ. ಅವರ ಡಿಫೆನ್ಸ್ ಈ 2025ರಲ್ಲಿ ಜಿಮ್ ನೋಲ್ಸ್ ಅನ್ನುವ ಕೋಚ್ ಕೈಯಲ್ಲಿ. ಹೋದ ವರ್ಷದವರೆಗೆ ನಮ್ಮ ಡಿಫೆನ್ಸ್ ಕಟ್ಟಿದವರು ಅವರೇ. ಹೋದ ನವೆಂಬರ್‌ನಲ್ಲಿ ಪೆನ್ ಸ್ಟೇಟ್ ನಮ್ಮ ಗೋಲ್ ಗೆರೆಗೆ ಮೂರು ಯಾರ್ಡ್ ದೂರದವರೆಗೆ ಬಂದಿತ್ತು. ನಾಲ್ಕು ಅವಕಾಶದಲ್ಲೂ ಒಳಗೆ ಬಿಡದೆ ನಿಲ್ಲಿಸಿದ್ದು ನೋಲ್ಸ್ ಕಟ್ಟಿದ ಡಿಫೆನ್ಸ್. ನೋಲ್ಸ್ ಮೂರು ವರ್ಷ ದಿನಾ ಪ್ರಾಕ್ಟೀಸಿನಲ್ಲಿ ನಮ್ಮ ಆಫೆನ್ಸ್, ಅಂದರೆ ಚೆಂಡು ಮುಂದೆ ಒಯ್ಯುವವರ, ಎದುರು ನಿಂತವರು. ಜೆರಮಾಯಾಗೆ ಯಾವ ತಿರುವು ಇಷ್ಟ, ನಮ್ಮ ಕೋಚ್‌ಗಳು ಗಾಬರಿಯಾದಾಗ ಯಾವ ಆಟಕ್ಕೆ ಕೈ ಹಾಕುತ್ತಾರೆ, ಎಲ್ಲ ಅವರಿಗೆ ಗೊತ್ತು. ಅವರು ಹೋದದ್ದಕ್ಕೆ ನನಗೆ ಬೇಜಾರಿಲ್ಲ, ಅವರವರ ಕೆಲಸ ಅವರವರಿಗೆ. ಆದರೆ ಮನೆಯ ಬೀಗದ ಕೈ ಎಲ್ಲಿಡುತ್ತೇವೆ ಅಂತ ಗೊತ್ತಿರುವವರು ಎದುರು ಮನೆಗೆ ಹೋದಾಗ, ಕೈ ಇಡುವ ಜಾಗ ಬದಲಾಯಿಸಲೇಬೇಕು ಅಲ್ವಾ? ಕರೆಯುವ ಸನ್ನೆಯಿಂದ ಹಿಡಿದು ಎಲ್ಲ ಬದಲಾಗಬೇಕು.

ನಮ್ಮ ಡಿಫೆನ್ಸ್ ಬಗ್ಗೆಯೂ ಒಂದು ಮಾತು. ಫೈನಲ್‌ನಲ್ಲಿ ನಾತ್ರ ಡೇಮ್ ಮೊದಲ ಸಲ ಚೆಂಡು ಸಿಕ್ಕಾಗ ಏನು ಮಾಡಿತು ನೆನಪಿದೆಯಾ? 18 ಸಲ ಆಡಿ 75 ಯಾರ್ಡ್, ಹತ್ತಿರ ಹತ್ತಿರ ಹತ್ತು ನಿಮಿಷ. ಕ್ವಾರ್ಟರ್‌ಬ್ಯಾಕ್ ರೈಲಿ ಲೆನರ್ಡ್ ತಾನೇ ಚೆಂಡು ಹಿಡಿದು ಮತ್ತೆ ಮತ್ತೆ ಓಡಿದ. ಅಷ್ಟು ಹೊತ್ತು ನಮ್ಮ ಆಫೆನ್ಸ್ ಬೆಂಚಿನ ಮೇಲೆ ಕೂತಿತ್ತು. ಜೆರಮಾಯಾನನ್ನು ತಡೆಯಲು ಅದಕ್ಕಿಂತ ಸುಲಭದ ದಾರಿ ಯಾವುದಿದೆ? ಅವನು ಮೈದಾನದಲ್ಲೇ ಇಲ್ಲ. ಆವತ್ತು ಲೆನರ್ಡ್ ಸುಸ್ತಾದ, ನಾವು 31-7ಕ್ಕೆ ಹೋದೆವು. ಈ ವರ್ಷ ಮುಂದಿನ ಸಾಲು ಪೂರ್ತಿ ಹೊಸದು. ನಮಗಿಂತ ಕಡಿಮೆ ಬಲದ ತಂಡಗಳು ಈ ನಿಧಾನದ ಆಟವನ್ನೇ ಆಡುತ್ತವೆ ಅಂತ ನನ್ನ ಅಂದಾಜು. ಹಿಂದೆ ನಮ್ಮ ಸೇಫ್ಟಿ ಕೇಲಬ್ ಡೌನ್ಸ್ ಇದ್ದಾನೆ ಅನ್ನುವುದೇ ಸಮಾಧಾನ. ಎಲ್ಲಿ ಚೆಂಡು ಹೋಗುತ್ತದೋ ಅಲ್ಲಿಗೆ ಒಂದು ಹೆಜ್ಜೆ ಮುಂಚೆ ತಲುಪುವ ಹುಡುಗ.

ಆ ಫೈನಲ್‌ನಲ್ಲೇ ನನ್ನ ಮಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ನಾತ್ರ ಡೇಮ್ ಬಿಡದೆ ಹಿಂದಟ್ಟಿ 31-23ಕ್ಕೆ ಬಂದಿತ್ತು. ಇನ್ನು ಮೂರು ನಿಮಿಷವೂ ಇಲ್ಲ. ನಮಗೆ ಮೂರನೇ ಅವಕಾಶ, ಹನ್ನೊಂದು ಯಾರ್ಡ್ ಬೇಕು. ಓಡಿ ಗಡಿಯಾರ ಕರಗಿಸುವುದು ಎಲ್ಲರೂ ಮಾಡುವ ಕೆಲಸ. ನಾತ್ರ ಡೇಮ್ ನಮ್ಮನ್ನು ಒತ್ತಲು ಜನರನ್ನೆಲ್ಲ ಮುಂದೆ ತಂದಿತ್ತು. ಜೆರಮಾಯಾ ಎದುರು ಒಬ್ಬನೇ, ಹಿಂದೆ ಸಹಾಯಕ್ಕೆ ಯಾರೂ ಇಲ್ಲ. ಇಡೀ ಸೀಸನ್ ಅವನ ಮೇಲೆ ಇಬ್ಬರನ್ನು ನೋಡಿ ನೋಡಿ ಸಾಕಾಗಿದ್ದ ನಾನು ಟಿವಿ ಮುಂದೆ ಎದ್ದು ನಿಂತೆ. ಮಗ ಚೆಂಡು ಎಸೆಯುವ ಮೊದಲೇ ಕೂಗಿದ, "ಅಪ್ಪಾ, ಹಿಂದೆ ಯಾರೂ ಇಲ್ಲ!"

56 ಯಾರ್ಡ್. ಜೆರಮಾಯಾ ಹಿಡಿದ. ಆಟ ಮುಗಿಯಿತು, 34-23.

ಆವತ್ತು ನಮ್ಮ ಮುಖ್ಯ ಕೋಚ್ ರಯಾನ್ ಡೇ ಮತ್ತು ಅವರ ಕೋಚ್‌ಗಳು ಎದುರಾಳಿ ತೆರೆದಿಟ್ಟ ಬಾಗಿಲನ್ನೇ ತಳ್ಳಿದರು. ಮಿಶಿಗನ್ ದಿನ ತಳ್ಳಲಿಲ್ಲ. ಎರಡೂ ದಿನ ಅದೇ ಹುಡುಗರು, ಅದೇ ಕೋಚ್. ಹಾಗಾಗಿ ಈ ಸಲ ನವೆಂಬರ್ 29ಕ್ಕೆ ಮಿಶಿಗನ್‌ನವರ ಊರಾದ ಆನ್ ಆರ್ಬರ್‌ಗೆ ಹೋದಾಗ ನಮ್ಮ ಹುಡುಗರಿಗೆ ಶಕ್ತಿ ಸಾಲುತ್ತದಾ ಅನ್ನುವುದು ನನ್ನ ಚಿಂತೆ ಅಲ್ಲ. ಹಠ ಬಿಟ್ಟು ಕಣ್ಣು ಬಿಟ್ಟು ಆಡುತ್ತಾರಾ ಅನ್ನುವುದು ಚಿಂತೆ. ಅಲ್ಲಿಗೆ ಹೋಗುವ ಹೊತ್ತಿಗೆ ಸೇಯಿನ್ ಹನ್ನೊಂದು ಆಟ ಆಡಿರುತ್ತಾನೆ. ಅಷ್ಟರಲ್ಲಿ ಅವನಿಗೆ ಸುಳ್ಳು ಯಾವುದು ನಿಜ ಯಾವುದು ಗೊತ್ತಾಗಿರಲಿ.

ಮಾವ ಈಗ ಊರಲ್ಲಿದ್ದಾರೆ. ಟೆಕ್ಸಸ್ ಆಟ ಇಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ, ಅಲ್ಲಿ ರಾತ್ರಿ ಒಂಬತ್ತೂವರೆ. ನಿನ್ನೆ ಫೋನ್ ಮಾಡಿ, "ಆ ಹಿಂದಿನ ಇಬ್ಬರು ಎಲ್ಲಿ ನಿಲ್ತಾರೆ ನೋಡಿ ಹೇಳ್ಬೇಕು, ನಾನು ಎದ್ದಿರ್ತೀನಿ" ಅಂದರು. ಫೋನ್ ಇಟ್ಟ ಮೇಲೆ ಮಗ ಅಡುಗೆಮನೆಗೆ ಹೋಗಿ ಕಡಲೆಕಾಯಿ ಬೀಜದ ಡಬ್ಬ ತಂದ.