ನಾಯಕಿ ಎಂಬ ನಿಷ್ಕ್ರಿಯ ಖಾತೆ

ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದ ನನ್ನ ಅತ್ತಿಗೆಗೆ ದಿನಕ್ಕೊಂದು ಲೆಕ್ಕ ಬರೆದು ಮುಗಿಸದಿದ್ದರೆ ನಿದ್ರೆ ಹತ್ತುವುದಿಲ್ಲ. 1906ರಲ್ಲಿ ಒಂದು, 1925ರಲ್ಲಿ ಇನ್ನೊಂದು ಬ್ಯಾಂಕು ಹೆತ್ತ ಉಡುಪಿಯಲ್ಲಿ ಇದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ. ಮೊನ್ನೆ ಅವರನ್ನು ಹೊಸ ಸಿನಿಮಾವೊಂದಕ್ಕೆ ಕರೆದೊಯ್ದೆ. ಆ್ಯಕ್ಷನ್, ಸೆಂಟಿಮೆಂಟ್, ಸಸ್ಪೆನ್ಸ್ ಮೂರೂ ಉಂಟೆಂದು ಪೋಸ್ಟರಿನಲ್ಲಿ ಬರೆದಿತ್ತು. ನಾಯಕನ ಬೂಟು ಪರದೆಯ ಮೇಲೆ ಮೂಡಿ, ಅದರ ಹಿಂದೆ ಧೂಳು, ಧೂಳಿನ ಹಿಂದೆ ಶಿಳ್ಳೆ ಎದ್ದಾಗ ಅತ್ತಿಗೆ ಚೀಲದಿಂದ ಡೈರಿ ತೆಗೆದು, ನಡುವೆ ಗೆರೆ ಎಳೆದು, ಒಂದು ಬದಿಗೆ ಜಮಾ, ಇನ್ನೊಂದು ಬದಿಗೆ ಖರ್ಚು ಎಂದು ಬರೆದು, ಮೇಲ್ಗಡೆ ‘ಖಾತೆದಾರರು: ನಾಯಕಿ’ ಎಂದು ನಮೂದಿಸಿದರು.

ಮಧ್ಯಂತರದವರೆಗೆ ಖಾತೆಯಲ್ಲಿ ಸಣ್ಣಪುಟ್ಟ ವ್ಯವಹಾರ ನಡೆಯಿತು. ನಾಯಕಿ ನಾಯಕನಿಗೆ ಡಿಕ್ಕಿ ಹೊಡೆದಳು, ಸಿಟ್ಟಾದಳು. ನಾಯಕ ನಾಲ್ಕು ದಿನ ಬೈಕಿನಲ್ಲಿ ಬೆನ್ನು ಹತ್ತಿದ ಮೇಲೆ, ಪೊಲೀಸರಿಗೆ ದೂರು ಕೊಡಬೇಕಾದವಳು ನಾಚಿಕೊಂಡಳು. ಒಡನೆಯೇ ಇಬ್ಬರೂ ಹಿಮ ಸುರಿಯುವ ದೇಶದಲ್ಲಿದ್ದರು. ನಾಯಕನಿಗೆ ಉಣ್ಣೆಯ ಕೋಟು, ಕೈಗವಸು, ಕುತ್ತಿಗೆಗೆ ಮಫ್ಲರು. ನಾಯಕಿಗೆ ಗಾಳಿಗೆ ಹಾರುವಷ್ಟು ತೆಳುವಾದ ಸೀರೆ. ಮಲ್ಪೆ ಬಂದರಿನ ಬಂಗುಡೆಯನ್ನು ಮಂಜುಗಡ್ಡೆಯಲ್ಲಿಟ್ಟು ಹೊರರಾಜ್ಯಕ್ಕೆ ಕಳುಹಿಸುವುದನ್ನು ದಿನವೂ ಕಾಣುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ: ಸರಕು ಕೆಡಬಾರದು. ಹೇಗೂ ಈ ಕರಾವಳಿ ಎರಡನ್ನೂ ರಫ್ತು ಮಾಡುತ್ತದೆ. ಐಶ್ವರ್ಯಾ ರೈ, ಶಿಲ್ಪಾ ಶೆಟ್ಟಿ, ಶ್ರೀನಿಧಿ ಶೆಟ್ಟಿ ಎಲ್ಲರೂ ಮಂಗಳೂರಿನ ಮಣ್ಣಿನವರೇ. ನಮ್ಮ ನಿರ್ಮಾಪಕರಾದರೋ ಕನ್ನಡ ಬಾರದವರನ್ನು ದೂರದೂರುಗಳಿಂದ ಆಮದು ಮಾಡಿಕೊಳ್ಳುತ್ತಾರೆ. ಇದನ್ನು ಕೆಲವರು ಆಕ್ಷೇಪಿಸುವುದುಂಟು. ಮಾತೇ ಇಲ್ಲದ ಪಾತ್ರಕ್ಕೆ ಯಾವ ಭಾಷೆ ಬಂದರೇನು, ಬಾರದಿದ್ದರೇನು? 1928ರಲ್ಲಿ ಇದೇ ಉಡುಪಿಯಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ಬಡವರು ದಿನಕ್ಕೆ 2 ಆಣೆ ಕಟ್ಟಿ ವರ್ಷಗಳ ಕೊನೆಗೆ ಒಂದಿಷ್ಟು ಗಂಟು ಕಾಣುತ್ತಿದ್ದರು. ನಾಯಕಿಯ ಸಂಭಾಷಣೆಯನ್ನೂ ಎರಡೆರಡು ಆಣೆಯಂತೆಯೇ ಕೊಡುತ್ತಾರೆ, ಗಂಟು ಮಾತ್ರ ಆಗುವುದಿಲ್ಲ.

ಮಧ್ಯಂತರ ಕಳೆದು ಚಹಾದ ಲೋಟ ಖಾಲಿಯಾದರೂ ಡೈರಿಯಲ್ಲಿ ಹೊಸ ಸಾಲು ಬೀಳಲಿಲ್ಲ. ನಾಯಕಿ ಎಲ್ಲಿ ಹೋದಳೆಂದು ನಾಯಕ ಕೇಳಲಿಲ್ಲ, ಆಕೆಯ ಅಪ್ಪ ಕೇಳಲಿಲ್ಲ, ಪ್ರೇಕ್ಷಕರೂ ಕೇಳಲಿಲ್ಲ. ಅತ್ತಿಗೆ ನನ್ನ ಕಿವಿಯ ಬಳಿ ಬಾಗಿ, “ಇದು ಡಾರ್ಮೆಂಟ್ ಆಯ್ತು ಮಾರಾಯ” ಎಂದರು. ಗ್ರಾಹಕರು 2 ವರ್ಷ ಮುಟ್ಟದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. 10 ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಚಿತ್ರರಂಗದಲ್ಲಿ ಮೊದಲನೆಯದಕ್ಕೆ ಅರ್ಧ ಗಂಟೆ ಸಾಕು. ಎರಡನೆಯದು ಮಾತ್ರ ನಿಯಮದ ಪ್ರಕಾರವೇ ನಡೆಯುತ್ತದೆ: ಹತ್ತು ವರ್ಷ ಕಳೆಯುವುದರೊಳಗೆ ಅದೇ ನಟಿಯನ್ನು ತಾಯಿ ಎಂಬ ನಿಧಿಗೆ ವರ್ಗಾಯಿಸಲಾಗುತ್ತದೆ. ಆಕೆಯ ಜೊತೆ ಹಾಡಿ ಕುಣಿದ ನಾಯಕ ಇನ್ನೂ ಕಾಲೇಜಿನ ಕೊನೆಯ ವರ್ಷದಲ್ಲೇ ಇರುತ್ತಾನೆ.

ಕೊನೆಯ ಕಾಳಗಕ್ಕೆ ಮುನ್ನ ನಾಯಕಿ ಮತ್ತೆ ಕಂಡಳು; ಖಳನಾಯಕ ಅವಳನ್ನು ಗೋದಾಮಿನ ಕುರ್ಚಿಗೆ ಕಟ್ಟಿಹಾಕಿದ್ದ. “ಈಗ ಚಿನ್ನದ ಸಾಲದ ವಿಭಾಗಕ್ಕೆ ಬಂದಳು” ಎಂದು ಅತ್ತಿಗೆ ಚುರುಕಾದರು. ನಾಯಕ ಬಡ್ಡಿ ಸಮೇತ ಒದ್ದು ಅಡವು ಬಿಡಿಸಿಕೊಂಡ.

ಇದು ಯಾವುದೋ ಸಣ್ಣ ಸಿನಿಮಾದ ದೋಷ ಎಂದು ನಾನು ವಾದಿಸಿ ನೋಡಿದೆ. ಅತ್ತಿಗೆ ಹಿಂದಿನ ಪುಟಗಳನ್ನು ತಿರುವಿದರು. 2022ರ ‘ಕೆಜಿಎಫ್’ ಎರಡನೆಯ ಅಧ್ಯಾಯದಲ್ಲಿ ದೇಶದ ಪ್ರಧಾನಿಯೇ ಹೆಣ್ಣು; ಆದರೆ ಅಷ್ಟು ಎತ್ತರದ ಕುರ್ಚಿಯಲ್ಲಿ ಕುಳಿತು ಆಕೆ ಸಾಧಿಸುವ ಮುಖ್ಯ ಕೆಲಸ, ನಾಯಕ ಎಂಥ ಭಯಂಕರನೆಂಬುದಕ್ಕೆ ಸರ್ಕಾರಿ ಪ್ರಮಾಣಪತ್ರ ಒದಗಿಸುವುದು. ಅದೇ ವರ್ಷದ ‘ಕಾಂತಾರ’ ನಮ್ಮದೇ ಮಣ್ಣಿನದು, ಅದರ ಕೋಲದ ದೃಶ್ಯಕ್ಕೆ ನಾನೂ ರೋಮಾಂಚನಗೊಂಡವನೇ. ಅಲ್ಲಿ ಅರಣ್ಯ ಇಲಾಖೆಯ ಕೆಲಸ ಹಿಡಿದ ಹುಡುಗಿಗೆ ನಾಯಕನ ಅಭಿನಂದನೆ ಸಲ್ಲುವುದು ಸೊಂಟ ಚಿವುಟಿ. 2025ರ ಅದರ ಪೂರ್ವಕಥೆಯಲ್ಲಿ ನಾಯಕಿ ರಾಜಕುಮಾರಿ. ಅಂತೂ ಸ್ವಂತ ಬುದ್ಧಿ, ಸ್ವಂತ ಹಂಚಿಕೆ ಇರುವ ಹೆಣ್ಣೊಬ್ಬಳು ಬಂದಳೆಂದು ಹಿಗ್ಗುವಷ್ಟರಲ್ಲಿ ಆಕೆಯ ಹಂಚಿಕೆಯೇ ಕೇಡಿನದೆಂದು ತಿಳಿಯುತ್ತದೆ.

ನಮ್ಮೂರಿನ ಕಥೆಗಳಾದರೂ ಹೀಗಿರಲಿಲ್ಲ. ಬಯಲಾಟದಲ್ಲಿ ಸೀರೆ ಉಟ್ಟ ಗಂಡಸು ಅಂಬೆಯಾಗಿ ಭೀಷ್ಮನನ್ನು ನಿಲ್ಲಿಸಿ, ಚೆಂಡೆಯವರು ಬೆವರು ಒರೆಸಿಕೊಳ್ಳುವವರೆಗೆ ಪ್ರಶ್ನೆ ಕೇಳುತ್ತಾನೆ, ಸಿನಿಮಾದಲ್ಲಿ ಹೆಣ್ಣಾಗಿಯೇ ಹುಟ್ಟಿದವಳು “ನೀವು ಊಟ ಮಾಡಿದಿರಾ?” ಎಂದಷ್ಟೇ ಕೇಳುತ್ತಾಳೆ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದ ಅರಸನ ಮೇಲೆ ಸೇಡಿಗೆ ಹೊರಟವಳು ತಂಗಿ ಕಲ್ಲುರ್ಟಿ ಎಂದು ತುಳುವಿನ ಜನಪದ ಕಥನಗೀತೆಯಾದ ಪಾಡ್ದನ ಹೇಳುತ್ತದೆ. ಈಗಿನ ಯಾವನಾದರೂ ನಿರ್ದೇಶಕನ ಕೈಗೆ ಅದನ್ನು ಕೊಟ್ಟರೆ ತಂಗಿ ಹೊಸ್ತಿಲಲ್ಲಿ ದೀಪ ಹಿಡಿದು ಅಳುತ್ತಿರುತ್ತಾಳೆ, ಅಣ್ಣ ಅಕ್ಷರಶಃ ಒಂದೇ ಕೈಯಲ್ಲಿ ನೂರು ಮಂದಿಯನ್ನು ಹಾರಿಸುತ್ತಾನೆ.

ಹೆಣ್ಣಿನ ಹೆಸರು ಶೀರ್ಷಿಕೆಗೇ ಏರಿದ ಉದಾಹರಣೆಯೂ ಉಂಟಲ್ಲವೇ ಎಂದು ನಾನು ಕೊನೆಯ ಅಸ್ತ್ರ ಬಿಟ್ಟೆ. 2025ರಲ್ಲಿ ಕರಾವಳಿಯನ್ನೆಲ್ಲ ನಗಿಸಿದ ‘ಸು ಫ್ರಮ್ ಸೋ’ ಎಂದರೆ ಸೋಮೇಶ್ವರದ ಸುಲೋಚನ. ಅತ್ತಿಗೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸುಲೋಚನ ಸತ್ತು ಹೋದವಳು. ಆಕೆ ಮಾತಾಡುವುದೂ ಒಬ್ಬ ಯುವಕನ ಬಾಯಿಂದ. ಆ ಚಿತ್ರಕ್ಕೆ ಈ ವ್ಯಂಗ್ಯ ಗೊತ್ತಿದೆ, ಅದು ನಗುವುದು ಊರ ಗಂಡಸರನ್ನು ಕಂಡೇ ಎಂಬುದನ್ನು ಅತ್ತಿಗೆಯೂ ಒಪ್ಪಿ, ಜಮಾ ಬದಿಗೆ ಒಂದು ಸಾಲು ಬರೆದುಕೊಟ್ಟರು.

ಮನೆಗೆ ಮರಳುವ ದಾರಿಯಲ್ಲಿ ಮೀನು ಮಾರುಕಟ್ಟೆಗೆ ಹೊಕ್ಕೆವು. ಬಂಗುಡೆಯ ಬೆಲೆಯ ಬಗ್ಗೆ ಬಾಯಿ ತೆರೆದದ್ದಕ್ಕೆ ಮೀನು ಮಾರುವಾಕೆ ಡೀಸೆಲ್ ದರ, ಸಮುದ್ರದ ಮುನಿಸು, ಮಗಳ ಕಾಲೇಜು ಶುಲ್ಕ ಮತ್ತು ನನ್ನ ಜಿಪುಣತನವನ್ನು ಒಂದೇ ಉಸಿರಿನಲ್ಲಿ ವಿವರಿಸಿದರು. ನಾಯಕನಿಗೆ ಬರೆದ ಪಂಚ್ ಡೈಲಾಗುಗಳಲ್ಲಿ ಒಂದೂ ಅವರೆದುರು ನಿಲ್ಲುವಂಥದ್ದಾಗಿರಲಿಲ್ಲ. ನಾನು ಕೇಳಿದ ಬೆಲೆ ಕೊಟ್ಟೆ.

ರಾತ್ರಿ ಅತ್ತಿಗೆ ಲೆಕ್ಕ ಕೂಡಿಸಲು ಕುಳಿತರು. ಮಧ್ಯಂತರದಿಂದ ಗೋದಾಮಿನವರೆಗೆ ನಾಯಕಿ ಎಲ್ಲಿದ್ದಳೆಂಬುದಕ್ಕೆ ವೋಚರು ಇರಲಿಲ್ಲ. ಬ್ಯಾಂಕಿನಲ್ಲಿ ಮೂಲ ತಿಳಿಯದ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುವುದು ರೂಢಿ. ಅವರು ಅದನ್ನೂ ಹಾಗೆಯೇ ಬರೆದು ಡೈರಿ ಮುಚ್ಚಿದರು. ಪೋಸ್ಟರಿನವರು ಸುಳ್ಳು ಹೇಳಿರಲಿಲ್ಲ.